ಸಂತ ಜೋಸೆಫ್ ವಾಜ್ ಮತ್ತು ನಮ್ಮ ಚಿಂತೆಗಳು

ಮಳೆಗಾಲದ ರಾತ್ರಿ ಮೆಣಸೆಯ ಕಡೆ ಅಡಿಕೆ ತೋಟದ ಒಂಟಿ ಮನೆಯಲ್ಲಿ ಕರೆಂಟ್ ಹೋಗಿ ಕುಳಿತವರಿಗೆ ಚಿಂತೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತೋಟಕ್ಕೆ ಹಳದಿ ಎಲೆ ರೋಗ, ಸೊಸೈಟಿಯ ಸಾಲ, ಪಟ್ಟಣಕ್ಕೆ ಹೋದ ಮಗನಿಂದ ಎರಡು ದಿನವಾದರೂ ಫೋನಿಲ್ಲ. ಜಪಸರ ಕೈಯಲ್ಲಿದ್ದರೂ ಎದೆ ಡವಗುಟ್ಟುತ್ತದೆ. ಪ್ರಾರ್ಥಿಸಿದರೂ ಭಯ ಹೋಗಲಿಲ್ಲವಲ್ಲ, ನನ್ನ ವಿಶ್ವಾಸವೇ ಕಡಿಮೆಯೋ ಏನೋ ಎಂಬ ಇನ್ನೊಂದು ಚಿಂತೆ ಅದರ ಮೇಲೆ. ಹೀಗೆ ನೊಂದವರಿಗೆ ನಾನು ಸಂತ ಜೋಸೆಫ್ ವಾಜ್ ಅವರ ಬದುಕನ್ನು ನೆನಪಿಸುತ್ತೇನೆ.

ಅವರು ಹುಟ್ಟಿದ್ದು 1651ರಲ್ಲಿ, ಗೋವೆಯ ಬೆಣಾವಲಿಯಲ್ಲಿ. 1676ರಲ್ಲಿ ಗುರುದೀಕ್ಷೆ. 1681ರಲ್ಲಿ ನಮ್ಮ ಕೆನರಾಕ್ಕೆ ಬಂದರು. ಆಗ ಕರಾವಳಿಯಲ್ಲೂ ಘಟ್ಟದ ಮೇಲೂ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಕ್ರೈಸ್ತರನ್ನು ಕಾಡುತ್ತಿದ್ದ ಭಯ ಮಾತ್ರ ವಿಚಿತ್ರವಾದದ್ದು. ಗೋವೆಯ ಧರ್ಮಪ್ರಾಂತ್ಯಕ್ಕೂ ರೋಮಿನಿಂದ ನೇಮಕಗೊಂಡ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಗೂ ಅಧಿಕಾರದ ಜಗಳವಿತ್ತು. ಒಂದು ಪಕ್ಷದ ಗುರುಗಳು ಕೊಟ್ಟ ಸಂಸ್ಕಾರ ಸಿಂಧುವಲ್ಲವೆಂದು ಇನ್ನೊಂದು ಪಕ್ಷ ಹೇಳಿದರೆ ಬಡ ವಿಶ್ವಾಸಿಯ ಗತಿಯೇನು? ನನ್ನ ಮದುವೆ ಮದುವೆಯೇ? ನನ್ನ ಪಾಪನಿವೇದನೆ ದೇವರಿಗೆ ಮುಟ್ಟಿತೇ? ದೊಡ್ಡವರ ಜಗಳದಲ್ಲಿ ನಿದ್ದೆಗೆಡುವವರು ಸಣ್ಣವರೇ, ಅಂದೂ ಇಂದೂ.

ವಾಜ್ ಸ್ವಾಮಿಗಳು ಗೋವೆಯ ಕಡೆಯಿಂದ ಬಂದವರಾದರೂ ವಾದಕ್ಕೆ ನಿಲ್ಲಲಿಲ್ಲ. ತಾವೇ ಬಿಷಪರ ಬಳಿಗೆ ಹೋಗಿ ಮಾತಾಡಿದರು. ರೋಮಿನ ತೀರ್ಮಾನ ಬರುವ ತನಕ ಸೇವೆ ನಡೆಸಲು ಅವರಿಂದಲೂ ಅಧಿಕಾರ ಪಡೆದರು. ಬಳಿಕ ಬರಿಗಾಲಲ್ಲಿ ಊರೂರು ತಿರುಗಿ ಜನರನ್ನು ಜಪಕ್ಕೆ ಕೂಡಿಸಿದರು, ಮಕ್ಕಳಿಗೆ ಶಾಲೆ ತೆರೆದರು. ಮುಡಿಪು ಗುಡ್ಡದಲ್ಲಿ ಇಂದಿಗೂ ಅವರ ನೆನಪಿನ ಪುಣ್ಯಕ್ಷೇತ್ರವಿದೆ.

1684ರಲ್ಲಿ ಗೋವೆಗೆ ಮರಳಿದರು. ಆದರೆ ಡಚ್ಚರ ವಶವಾಗಿದ್ದ ಶ್ರೀಲಂಕೆಯಲ್ಲಿ ಸುಮಾರು ಮೂವತ್ತು ವರ್ಷಗಳಿಂದ ಕಥೋಲಿಕರಿಗೆ ಗುರುಗಳೇ ಇಲ್ಲವೆಂಬ ಸುದ್ದಿ ಅವರನ್ನು ಬಿಡಲಿಲ್ಲ. 1687ರಲ್ಲಿ ಕೂಲಿಯವನ ವೇಷದಲ್ಲಿ, ಜಾನ್ ಎಂಬ ಸೇವಕನೊಂದಿಗೆ ಜಾಫ್ನಾ ಸೇರಿದರು. ಸೇರಿದ್ದೇ ತಡ, ರಕ್ತಭೇದಿ ಹಿಡಿಯಿತು. ಗುರುತಿಲ್ಲದ ನಾಡು, ಏಳಲಾರದ ಮೈ, ಸಿಕ್ಕಿಬಿದ್ದರೆ ಶಿಕ್ಷೆ. ಆಗ ಒಬ್ಬ ಹೆಂಗಸು ದಿನವೂ ಗಂಜಿ ತಂದುಕೊಟ್ಟು ಬದುಕಿಸಿದಳು. ಸಾವಿರಾರು ಜನರಿಗೆ ಆಸರೆಯಾಗಲಿದ್ದ ಸಂತರು ಮೊದಲು ಇನ್ನೊಬ್ಬರ ಗಂಜಿಗೆ ಕೈಯೊಡ್ಡಿದರು. ನಮಗೆ ಕಷ್ಟವಾಗುವುದು ಅದೇ ಅಲ್ಲವೇ? ನೆರೆಮನೆಯವರಿಗೆ ಕಷ್ಟ ಹೇಳಿಕೊಳ್ಳಲು ನಾಚುತ್ತೇವೆ. ವಾರಗಟ್ಟಲೆ ನಿದ್ದೆ ಬಾರದಿದ್ದರೂ ವೈದ್ಯರಲ್ಲಿಗೆ ಹೋಗುವುದು ವಿಶ್ವಾಸದ ಕೊರತೆಯೆಂದುಕೊಳ್ಳುತ್ತೇವೆ. ಖಂಡಿತ ಅಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಕೊರಳಿಗೆ ದೊಡ್ಡ ಜಪಸರ ಹಾಕಿಕೊಂಡು ಮನೆಮನೆ ಬೇಡುತ್ತಾ ಹೋದರು. ಅದನ್ನು ಕಂಡು ಯಾರ ಕಣ್ಣು ಅರಳುವುದೋ ಅವರು ನಮ್ಮವರೆಂಬ ಲೆಕ್ಕಾಚಾರ. ಹೀಗೆ ಒಬ್ಬರಿಗೊಬ್ಬರು ಹೆದರಿ ಅಡಗಿದ್ದವರು ಬೆಳಕಿಗೆ ಬಂದರು; ಬಲಿಪೂಜೆ ರಾತ್ರಿ ಹೊತ್ತು, ಮನೆಗಳೊಳಗೆ. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಗೆ ಹಾಕಿದರು. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. 1697ರಲ್ಲಿ ಸಿಡುಬು ಬಂದು ಊರೇ ಖಾಲಿಯಾದಾಗ ಅವರೂ ಫಾದರ್ ಜೋಸೆಫ್ ಕರ್ವಾಲ್ಯೊ ಅವರೂ ಉಳಿದು, ಬಂಧುಗಳೇ ಬಿಟ್ಟುಹೋದ ರೋಗಿಗಳನ್ನು ತೊಳೆದು, ಉಣಿಸಿ, ಸತ್ತವರನ್ನು ಹೂಳಿದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಪೋಪ್ ಎರಡನೇ ಜಾನ್ ಪೌಲರು 1995ರಲ್ಲಿ ಅವರನ್ನು ಪುನೀತರೆಂದೂ ಪೋಪ್ ಫ್ರಾನ್ಸಿಸರು 2015ರಲ್ಲಿ ಸಂತರೆಂದೂ ಘೋಷಿಸಿದರು, ಎರಡೂ ಸಲ ಕೊಲಂಬೊದಲ್ಲಿ.

ಗುರುಗಳು ವರ್ಷಕ್ಕೊಮ್ಮೆ ಬರುವುದೂ ಕಷ್ಟವಾಗಿದ್ದ ಆ ಹಳ್ಳಿಗಳಲ್ಲಿ ಅಣ್ಣಾವಿ ಎಂಬ ಹಿರಿಯರು ಇರುತ್ತಿದ್ದರು. ಗುರುಗಳಲ್ಲ, ಸಂಸಾರಸ್ಥರೇ. ಭಾನುವಾರ ಜನರನ್ನು ಸೇರಿಸಿ ಜಪ ಹೇಳಿಸುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ಸಾಯುವವರ ಪಕ್ಕ ಕೂರುವುದು ಅವರ ಕೆಲಸ. ವಾಜ್ ಸ್ವಾಮಿಗಳು ಮುಂದಿನ ಊರಿಗೆ ಹೊರಡುವಾಗ ಜನರನ್ನು ಒಪ್ಪಿಸುತ್ತಿದ್ದುದು ಇವರ ಕೈಗೆ.