ಎಂ. ಎನ್. ಶ್ರೀನಿವಾಸ್: ಒಂದು ಪಾಠ ತಿದ್ದಿದ ಬದುಕು

ಬಾದನಹಟ್ಟಿಯಲ್ಲಿ ಬೋಧನಾಭ್ಯಾಸದ ಎರಡನೇ ವಾರ. 10ನೇ ತರಗತಿಗೆ ಸಾಮಾಜಿಕ ಸಮಸ್ಯೆಗಳ ಪಾಠ ಮಾಡುತ್ತಾ, ವರದಕ್ಷಿಣೆ ಅನಾದಿ ಕಾಲದಿಂದ ಎಲ್ಲರಲ್ಲೂ ನಡೆದುಬಂದ ಪದ್ಧತಿ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ವಿದ್ಯಾರ್ಥಿನಿಯೊಬ್ಬಳು ಎದ್ದು, ತನ್ನ ಮುತ್ತಜ್ಜಿಯ ಮದುವೆಯಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟಿದ್ದರಂತೆ ಎಂದಳು. ಅವಳ ಅಕ್ಕನ ಮದುವೆಯ ಮಾತುಕತೆ ಆಗ ನಡೆದಿತ್ತು. ಈಗ ಕೇಳುತ್ತಿದ್ದವರು ಗಂಡಿನವರು. ಹೀಗೇಕೆ ತಿರುಗಿತು ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಬದುಕನ್ನೇ ಪಾಠವಾಗಿಸಿದೆ.

ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಶಿಷ್ಯರಾಗಿ ಓದಿದರು. 1942ರಲ್ಲಿ ಬಂದ ಅವರ ಮೊದಲ ಪುಸ್ತಕದ ವಿಷಯವೇ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬ. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಸಾಮಾಜಿಕ ಮಾನವಶಾಸ್ತ್ರ ಕಲಿತರು. ಕೊಡವರ ಕುರಿತ 1952ರ ಗ್ರಂಥದಲ್ಲಿ ಸಂಸ್ಕೃತೀಕರಣವನ್ನು ವಿವರಿಸಿದರು. ಕೆಳಗಿನ ಸ್ಥಾನದ ಜಾತಿಯೊಂದು ಮೇಲಿನವರ ಆಚಾರಗಳನ್ನು ಹಿಡಿದು ಮೇಲೇರಲು ನೋಡುತ್ತದೆ. ಆ ಏರಿಕೆಯಲ್ಲಿ ವಿಧವೆಯ ಮರುಮದುವೆ, ಗಂಡನನ್ನು ಬಿಡುವ ಅವಕಾಶ, ತೆರ ಒಂದೊಂದಾಗಿ ಮರೆಯಾಗುತ್ತವೆ. ಮನೆತನದ ಗೌರವ ಏರಿದಷ್ಟೂ ಹೆಣ್ಣಿನ ಮೇಲಿನ ಕಟ್ಟುಪಾಡು ಬಿಗಿಯಾಗುತ್ತದೆ.

1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಂಗಿ ಅಧ್ಯಯನ ನಡೆಸಿದರು; ಬರಹದಲ್ಲಿ ಅದನ್ನು ರಾಂಪುರ ಎಂದು ಕರೆದರು. 1970ರಲ್ಲಿ ಅಮೆರಿಕದಲ್ಲಿದ್ದಾಗ, ಆ ಹಳ್ಳಿಯ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ಆದರೂ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಅದೇ ವರ್ಷದ ಹಕ್ಸ್‌ಲಿ ಸ್ಮಾರಕ ಉಪನ್ಯಾಸಕ್ಕೆ ಅವರು ಆರಿಸಿಕೊಂಡದ್ದು ಭಾರತೀಯ ಮಹಿಳೆಯರ ಬದಲಾಗುತ್ತಿರುವ ಸ್ಥಾನಮಾನವನ್ನು. 1984ರಲ್ಲಿ ವರದಕ್ಷಿಣೆಯ ಬಗ್ಗೆಯೇ ಬರೆದರು. ಇಂದಿನ ವರದಕ್ಷಿಣೆ ಹಳೆಯ ಸ್ತ್ರೀಧನವಲ್ಲ. ಬ್ರಿಟಿಷರ ಕಾಲದಿಂದ ನಗದು ಹಣ, ಇಂಗ್ಲಿಷ್ ಶಿಕ್ಷಣ, ಸಂಬಳದ ನೌಕರಿ ಬಂದಂತೆ ಬೆಳೆದದ್ದು ಎಂಬುದು ಅವರ ವಾದ. 1999ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಹಾಗಾದರೆ ತೆರವೇ ಒಳ್ಳೆಯದಿತ್ತೇ ಎಂದು ಹುಡುಗನೊಬ್ಬ ಕೇಳಿದ. ತೆರ ಇದ್ದಲ್ಲಿ ಹೆಣ್ಣಿನ ದುಡಿಮೆಗೆ ಲೆಕ್ಕವಿತ್ತು, ಸಮಾನತೆ ಇತ್ತೆಂದಲ್ಲ ಎಂದೆ. ಮನೆಯ ಹಿರಿಯರನ್ನು ಕೇಳಿ ಮೂರು ತಲೆಮಾರಿನ ಮದುವೆಗಳಲ್ಲಿ ಯಾರು ಯಾರಿಗೆ ಏನು ಕೊಟ್ಟರೆಂದು ಬರೆದು ತರಲು ಹೇಳಿದೆ. ಹಿಂದಿನ ದಿನ ಬರೆದಿದ್ದ ವಾಕ್ಯವನ್ನು ಮಕ್ಕಳ ಮುಂದೆಯೇ ತಪ್ಪೆಂದು ಒಪ್ಪಿಕೊಂಡು, ಪಾಠಯೋಜನೆಯಿಂದಲೂ ಹೊಡೆದುಹಾಕಿದೆ.