ವಿದ್ಯುತ್ಕೋಶದ ಜನಕ ಅಲೆಸ್ಸಾಂಡ್ರೊ ವೋಲ್ಟಾ

ಬೆಂಕಿಪುರವೆಂಬ ಪೂರ್ವನಾಮವುಳ್ಳ ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಮೊದಲಾಯಿತು. 1948ರಲ್ಲಿ ಜೋಗದಲ್ಲಿ ಶರಾವತಿಯ ನೀರು ವಿದ್ಯುತ್ತನ್ನು ಕೊಡಲಾರಂಭಿಸಿತು. ಆದಕಾರಣ ಶಿವಮೊಗ್ಗ ಸೀಮೆಯವರಿಗೆ ವಿದ್ಯುತ್ತೆಂದೊಡನೆ ಜಲಪಾತ, ಯಂತ್ರಾಗಾರಗಳೇ ಕಣ್ಮುಂದೆ ನಿಲ್ಲುವುದು ಸಹಜ. ಆದರೆ ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಮನುಷ್ಯನು ಮೊದಲು ಪಡೆದುದು ಇಂತಹ ಬೃಹತ್ಸಾಧನಗಳಿಂದಲ್ಲ. ಎರಡು ಬಗೆಯ ಲೋಹದ ಬಿಲ್ಲೆಗಳು, ಉಪ್ಪುನೀರಿನಲ್ಲಿ ನೆನೆದ ರಟ್ಟಿನ ಚೂರುಗಳು, ಇಷ್ಟರಿಂದಲೇ. ಅದನ್ನು ಸಾಧಿಸಿದ ಮಹನೀಯನು ಇಟಲಿ ದೇಶದ ಅಲೆಸ್ಸಾಂಡ್ರೊ ವೋಲ್ಟಾ.

ವೋಲ್ಟಾ 1745ನೆಯ ಫೆಬ್ರವರಿ 18ರಂದು ಕೋಮೋ ಎಂಬ ಊರಿನಲ್ಲಿ ಜನಿಸಿದನು. ನಾಲ್ಕು ವರ್ಷಗಳಾದರೂ ಮಗುವಿಗೆ ಮಾತು ಬಾರದೆ ಮನೆಯವರು ಚಿಂತಿಸಿದರೆಂದು ಹೇಳುವುದುಂಟು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದನು. ಮುಂದೆ ಹುಟ್ಟೂರಿನ ಶಾಲೆಯಲ್ಲಿಯೇ ಉಪಾಧ್ಯಾಯನಾಗಿ, ಜೌಗುನೆಲದಿಂದ ಮೇಲೇಳುವ ಗುಳ್ಳೆಗಳನ್ನು 1776ರಲ್ಲಿ ಸಂಗ್ರಹಿಸಿ, ಉರಿಯುವ ಮೀಥೇನ್ ಅನಿಲವನ್ನು ಗುರುತಿಸಿದನು. 1778ರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕನಾಗಿ ನಿಯುಕ್ತನಾಗಿ, ಸುಮಾರು ನಾಲ್ವತ್ತು ವರ್ಷಗಳ ಕಾಲ ಆ ಪೀಠವನ್ನು ಅಲಂಕರಿಸಿದನು.

ಅವನ ಸಮಕಾಲೀನನಾದ ಲೂಯಿಜಿ ಗ್ಯಾಲ್ವನಿ ಬೊಲೋನ್ಯ ನಗರದ ಅಂಗರಚನಾಶಾಸ್ತ್ರಜ್ಞ. ಹಿತ್ತಾಳೆಯ ಕೊಕ್ಕೆಗೆ ಸಿಕ್ಕಿಸಿದ ಸತ್ತ ಕಪ್ಪೆಯ ಕಾಲು ಕಬ್ಬಿಣದ ಸರಳಿಗೆ ತಾಗಿದಾಗ ಅದುರುವುದನ್ನು ಕಂಡು, ಪ್ರಾಣಿಯ ದೇಹದಲ್ಲಿಯೇ ವಿದ್ಯುತ್ತು ಅಡಗಿದೆಯೆಂದು ಅವನು 1791ರಲ್ಲಿ ಪ್ರಕಟಿಸಿದನು. ವೋಲ್ಟಾ ಮೊದಲು ಅದನ್ನು ಒಪ್ಪಿ ಕೊಂಡಾಡಿದನು. ಪ್ರಯೋಗಗಳನ್ನು ತಾನೇ ಮಾಡಿನೋಡಿದ ಬಳಿಕ ಸಂಶಯ ಮೂಡಿತು. ಕಾರಣವು ಕಪ್ಪೆಯಲ್ಲಿದೆಯೋ, ಅದನ್ನು ಸೋಕಿದ ಎರಡು ಲೋಹಗಳಲ್ಲಿದೆಯೋ? ತನ್ನ ನಾಲಗೆಯ ತುದಿಯಲ್ಲಿ ತವರದ ಹಾಳೆಯನ್ನೂ ಹಿಂಬದಿಯಲ್ಲಿ ಬೆಳ್ಳಿಯ ನಾಣ್ಯವನ್ನೂ ಇಟ್ಟು ಅವೆರಡನ್ನು ಕೂಡಿಸಿದಾಗ ಹುಳಿರುಚಿ ತೋರಿತು. ನಾಲಗೆಯು ಇಲ್ಲಿ ಒದ್ದೆಯಾದ ಮಧ್ಯವರ್ತಿ ಮಾತ್ರವೆಂದು ಅವನು ನಿರ್ಣಯಿಸಿದನು.

ವಿದ್ವಾಂಸರಲ್ಲಿ ಎರಡು ಪಕ್ಷಗಳಾದುವು. ವಾದವು ಹಲವು ವರ್ಷ ನಡೆಯಿತು. ಆದರೆ ಅದು ಪ್ರಯೋಗಕ್ಕೆ ಪ್ರಯೋಗವನ್ನು ಒಡ್ಡುವ ವಾದವಾಗಿದ್ದಿತು. ಹೊಸ ಸರಕಾರಕ್ಕೆ ಪ್ರಮಾಣ ಮಾಡಲೊಪ್ಪದೆ ಪದವಿಯನ್ನು ಕಳೆದುಕೊಂಡ ಗ್ಯಾಲ್ವನಿ 1798ರ ಡಿಸೆಂಬರಿನಲ್ಲಿ ನಿಧನಹೊಂದಿದನು. ವಾದದ ಮಹಾಫಲವನ್ನು ಕಾಣುವ ಭಾಗ್ಯ ಅವನಿಗಿರಲಿಲ್ಲ.

ಪ್ರಾಣಿಯ ಅಂಗವೇ ಬೇಡವೆಂದು ತೋರಿಸಲು ವೋಲ್ಟಾ ಬೆಳ್ಳಿ, ಸತುವುಗಳ ಬಿಲ್ಲೆಗಳನ್ನು ಜೋಡಿಜೋಡಿಯಾಗಿ ಪೇರಿಸಿ, ಜೋಡಿಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನಿಟ್ಟನು. ಪೇರಿಕೆಯ ಎರಡು ಕೊನೆಗಳನ್ನು ಮುಟ್ಟಿದರೆ ಮತ್ತೆ ಮತ್ತೆ ಆಘಾತವುಂಟಾಗುತ್ತಿದ್ದಿತು. 1800ನೆಯ ಮಾರ್ಚ್ 20ರಂದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಪತ್ರಮುಖೇನ ಇದನ್ನು ತಿಳಿಸಿದನು. ಕೆಲವೇ ವಾರಗಳಲ್ಲಿ ಇಂಗ್ಲೆಂಡಿನ ನಿಕಲ್ಸನ್, ಕಾರ್ಲೈಲರು ಇಂತಹುದೇ ಪೇರಿಕೆಯಿಂದ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಬೇರ್ಪಡಿಸಿದರು. 1801ರಲ್ಲಿ ನೆಪೋಲಿಯನ್ ಪ್ಯಾರಿಸಿನಲ್ಲಿ ವೋಲ್ಟಾನ ಪ್ರಯೋಗಗಳನ್ನು ಸ್ವತಃ ನೋಡಿ ಅವನನ್ನು ಗೌರವಿಸಿದನು.

ಈ ಮಹಾಸಾಧನೆಯನ್ನು ನಮ್ಮ ಅಡುಗೆಮನೆಯಲ್ಲಿಯೇ ಪುನಃ ಕಾಣಬಹುದು. ಶಿವಮೊಗ್ಗದ ಗಾಂಧಿಬಜಾರಿನಿಂದ ತಂದ ನಾಲ್ಕು ನಿಂಬೆಹಣ್ಣು, ತಾಮ್ರದ ತಂತಿಯ ತುಂಡುಗಳು, ಸತುವಿನ ಲೇಪವುಳ್ಳ ಮೊಳೆಗಳು ಸಾಕು. ಪ್ರತಿಯೊಂದು ಹಣ್ಣಿಗೂ ಒಂದು ಮೊಳೆ, ಒಂದು ತಾಮ್ರದ ತುಂಡನ್ನು ಪರಸ್ಪರ ತಾಗದಂತೆ ಚುಚ್ಚಿ, ಒಂದರ ತಾಮ್ರವನ್ನು ಮತ್ತೊಂದರ ಮೊಳೆಗೆ ತಂತಿಯಿಂದ ಕೂಡಿಸಬೇಕು. ಒಂದೊಂದು ಹಣ್ಣಿನಿಂದ ಸುಮಾರು 0.9 ವೋಲ್ಟ್ ದೊರೆಯುವುದು. ನಾಲ್ಕರಿಂದ ಕೆಂಪು ಎಲ್‌ಇಡಿ ದೀಪವೊಂದು ಮಂದವಾಗಿ ಬೆಳಗುವುದು. ಶಕ್ತಿಯನ್ನು ಕೊಡುವುದು ನಿಂಬೆಹಣ್ಣಲ್ಲ. ಹುಳಿರಸದಲ್ಲಿ ಸತುವು ಕರಗುತ್ತ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ತಂತಿಯ ಮೂಲಕ ತಾಮ್ರದೆಡೆಗೆ ಸಾಗುವುದೇ ಈ ಪ್ರವಾಹ. ಲೋಹ ಕರಗಿದ ಆ ಹಣ್ಣುಗಳನ್ನು ತಿನ್ನಲಾಗದು.

ಈ ರಾಸಾಯನಿಕ ಕ್ರಿಯೆಯ ಮಹತ್ತ್ವವನ್ನು ವೋಲ್ಟಾ ಮನಗಾಣಲಿಲ್ಲ. ಲೋಹಗಳ ಸ್ಪರ್ಶಮಾತ್ರದಿಂದಲೇ ವಿದ್ಯುತ್ತು ಹುಟ್ಟುವುದೆಂದು ಅವನು ಭಾವಿಸಿದ್ದನು. ಮುಂದಿನ ಪೀಳಿಗೆಯ ಫ್ಯಾರಡೆ ಅದನ್ನು ತಿದ್ದಿದನು. ಇತ್ತ ನರಗಳಲ್ಲಿಯೂ ಸ್ನಾಯುಗಳಲ್ಲಿಯೂ ವಿದ್ಯುತ್ತು ನಿಜವಾಗಿ ಉಂಟೆಂದು ಅನಂತರದ ಶೋಧಕರು ತೋರಿಸಲಾಗಿ, ಗ್ಯಾಲ್ವನಿಯ ಪಕ್ಷವೂ ಪೂರ್ತಿ ಬಿದ್ದುಹೋಗಲಿಲ್ಲ. ಇಂದು ವೈದ್ಯರು ಹೃದಯದ ಬಡಿತವನ್ನು ಇಸಿಜಿ ಯಂತ್ರದಿಂದ ಬರೆದುಕೊಳ್ಳುವುದು ಆ ವಿದ್ಯುತ್ತಿನಿಂದಲೇ.

1819ರಲ್ಲಿ ನಿವೃತ್ತನಾದ ವೋಲ್ಟಾ 1827ನೆಯ ಮಾರ್ಚ್ 5ರಂದು ಕಾಲವಶನಾದನು. 1881ರಲ್ಲಿ ಪ್ಯಾರಿಸಿನಲ್ಲಿ ನೆರೆದ ವಿದ್ಯುತ್ ತಜ್ಞರು ವಿದ್ಯುದೊತ್ತಡದ ಮಾನಕ್ಕೆ ವೋಲ್ಟ್ ಎಂಬ ಹೆಸರನ್ನು ಸ್ಥಿರಪಡಿಸಿದರು. ಗ್ಯಾಲ್ವನಿಯ ಹೆಸರೂ ಉಳಿದಿದೆ. ಸತುವಿನ ಲೇಪ ಮಾಡಿದ ತಗಡು, ಮೊಳೆಗಳನ್ನು ಅಂಗಡಿಯವರು ಗ್ಯಾಲ್ವನೈಸ್ ಆದವೆಂದೇ ಕರೆಯುವರು. ಜೀವಿತದಲ್ಲಿ ಒಮ್ಮತಕ್ಕೆ ಬಾರದ ಇಬ್ಬರು ಹೀಗೆ ಒಂದೇ ನಿಂಬೆಹಣ್ಣಿನಲ್ಲಿ ಕೂಡಿದ್ದಾರೆ: ಚುಚ್ಚಿದ ಮೊಳೆಯಲ್ಲಿ ಒಬ್ಬನ ಹೆಸರು, ಅಳೆಯುವ ಮಾನದಲ್ಲಿ ಮತ್ತೊಬ್ಬನದು.

ಅನುಭವ ಮಂಟಪದ ಪರಂಪರೆಯಲ್ಲಿ ಬೆಳೆದ ನಾಡಿಗೆ ಇದು ಹೊಸ ಪಾಠವಲ್ಲ. ಪ್ರಶ್ನಿಸುವುದು ದ್ವೇಷವಲ್ಲ, ಪರೀಕ್ಷಿಸುವುದು ಅವಿಧೇಯತೆಯಲ್ಲ. ಗುರುಗಳು ಈ ನಿಂಬೆಹಣ್ಣಿನ ಪ್ರಯೋಗವನ್ನು ತರಗತಿಯಲ್ಲಿ ಮಾಡಿಸುವಾಗ ದೀಪದ ಜೊತೆಗೆ ಆ ವಾದದ ಕಥೆಯನ್ನೂ ಮಕ್ಕಳಿಗೆ ಹೇಳಲಿ. ದಾನಿಗಳ ನೆರವಿನಿಂದ ಪ್ರಯೋಗಶಾಲೆಗಳು ಬೆಳೆಯಲಿ. ಉಪಕರಣಗಳು ಬರುವವರೆಗೆ ಮಾತ್ರ ಯಾವ ಮಗುವೂ ಕೈಕಟ್ಟಿ ಕೂರದಿರಲಿ.