ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಮತ್ತು ವಿಕ್ಟೋರಿಯಾ ಆಸ್ಪತ್ರೆ

ಅರಕಲಗೂಡು, ಹೊಳೆನರಸೀಪುರ ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ರೋಗಿಗಳು ಹೆಚ್ಚಿನ ಚಿಕಿತ್ಸೆಗಾಗಿ ಸಾಮಾನ್ಯವಾಗಿ ಮೊದಲು ಬರುವುದು ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಗೆ. ಅಲ್ಲಿಂದ ಮುಂದಕ್ಕೆ ಕಳುಹಿಸಿದಲ್ಲಿ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೋ, ಬೆಂಗಳೂರಿನ ವಿಕ್ಟೋರಿಯಾ ಅಥವಾ ವಾಣಿವಿಲಾಸ ಆಸ್ಪತ್ರೆಗೋ ತೆರಳುತ್ತಾರೆ. ಕೈಯಲ್ಲಿ ಚೀಟಿ ಹಿಡಿದು ಸರತಿಯ ಸಾಲಿನಲ್ಲಿ ನಿಂತಿರುವವರಿಗೆ ಈ ಹೆಸರುಗಳು ಒಂದೇ ಮನೆತನಕ್ಕೆ ಸೇರಿದವೆಂಬುದು ಹೊಳೆಯುವುದು ಅಪರೂಪ. ಚಾಮರಾಜೇಂದ್ರರು ಪತಿ, ಕೃಷ್ಣರಾಜೇಂದ್ರರು ಪುತ್ರ, ವಾಣಿವಿಲಾಸ ಎಂಬುದು ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದು. ವಿಕ್ಟೋರಿಯಾ ಆಸ್ಪತ್ರೆಯು ಇಂಗ್ಲೆಂಡಿನ ರಾಣಿಯ ಹೆಸರನ್ನು ಹೊತ್ತಿದ್ದರೂ, ಅದರ ಶಂಕುಸ್ಥಾಪನೆಯನ್ನು ನೆರವೇರಿಸಿದವರು ಮೈಸೂರಿನ ಈ ಮಹಾರಾಣಿಯವರೇ.

ಕೆಂಪನಂಜಮ್ಮಣ್ಣಿಯವರು 1866ರಲ್ಲಿ ಜನಿಸಿದರು. ಅವರದು ನಂಜನಗೂಡಿನ ಸಮೀಪದ ಕಳಲೆಯ ಅರಸು ಮನೆತನ. ಮೈಸೂರಿನ ಅರಸರಿಗೆ ದಳವಾಯಿಗಳನ್ನು ನೀಡಿದ ಮನೆತನವದು. ಅವರ ಬಾಲ್ಯದ ದಿನಗಳಲ್ಲಿ ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಅವರಿಗೆ ಹತ್ತು ವರ್ಷ ತುಂಬಿದ ವರ್ಷವೇ, ಅಂದರೆ 1876ರಲ್ಲಿ, ಮಹಾಕ್ಷಾಮವು ಆರಂಭವಾಯಿತು. ಎರಡು ವರ್ಷಗಳ ಆ ಕ್ಷಾಮ ಮತ್ತು ಅದರ ಬೆನ್ನಿಗೆ ಬಂದ ರೋಗಗಳಿಂದ ಆದ ನಷ್ಟವನ್ನು ಜನಗಣತಿಯ ಅಂಕಿಗಳೇ ತೋರಿಸುತ್ತವೆ. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕ್ಷಾಮವು ಮುಗಿಯುತ್ತಿದ್ದ 1878ರಲ್ಲಿ ಹನ್ನೆರಡರ ವಯಸ್ಸಿನ ಕೆಂಪನಂಜಮ್ಮಣ್ಣಿಯವರ ವಿವಾಹವು ಹತ್ತನೆಯ ಚಾಮರಾಜೇಂದ್ರ ಒಡೆಯರೊಡನೆ ನಡೆಯಿತು.

1831ರಿಂದ ಐವತ್ತು ವರ್ಷಗಳ ಕಾಲ ಬ್ರಿಟಿಷರ ಕೈಯಲ್ಲಿದ್ದ ಆಡಳಿತವು 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಮುಂದಿನ ಹದಿಮೂರು ವರ್ಷಗಳಲ್ಲಿ ಪ್ರಜಾಪ್ರತಿನಿಧಿ ಸಭೆ, ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆ, ರೈಲು ಮಾರ್ಗಗಳು ಮೊದಲಾದ ಕಾರ್ಯಗಳಾದವು. ಆರೋಗ್ಯದ ದೃಷ್ಟಿಯಿಂದ ನೋಡುವುದಾದರೆ ಅವುಗಳಲ್ಲೆಲ್ಲ ಮುಖ್ಯವಾದುದು ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳವೆಗಳ ಮೂಲಕ ನೀರು ತರುವ ಯೋಜನೆ. 1894ರಲ್ಲಿ ಕೈಗೊಂಡ ಈ ಯೋಜನೆಗೆ ಚಾಮರಾಜೇಂದ್ರ ನೀರು ಸರಬರಾಜು ಯೋಜನೆಯೆಂದೇ ಹೆಸರಾಯಿತು. ಕೆರೆ ಬಾವಿಗಳನ್ನೇ ನಂಬಿದ್ದ ಪೇಟೆಯಲ್ಲಿ ನೂರಾರು ರೋಗಿಗಳಿರುವ ಆಸ್ಪತ್ರೆಯನ್ನು ನಡೆಸುವುದು ಸುಲಭವಾಗಿರಲಿಲ್ಲ.

ಆ ಯೋಜನೆಯ ಫಲವನ್ನು ಚಾಮರಾಜೇಂದ್ರರು ಕಾಣಲಿಲ್ಲ. 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ಅವರು ಗಂಟಲಮಾರಿ ರೋಗಕ್ಕೆ ತುತ್ತಾದರು. ಡಿಫ್ತೀರಿಯಾ ಎಂದು ವೈದ್ಯರು ಕರೆಯುವ ಈ ರೋಗದಲ್ಲಿ ಗಂಟಲಿನೊಳಗೆ ಪೊರೆ ಬೆಳೆದು ಉಸಿರು ಕಟ್ಟುತ್ತದೆ. ರೋಗಾಣುವಿನ ವಿಷವು ಹೃದಯವನ್ನೂ ಬಾಧಿಸುತ್ತದೆ. ಇದಕ್ಕೆ ರಕ್ತಸಾರದ ಚುಚ್ಚುಮದ್ದು ಫಲಕಾರಿಯೆಂದು ಪ್ಯಾರಿಸ್ಸಿನ ವೈದ್ಯರು ಜಗತ್ತಿಗೆ ತಿಳಿಸಿದ್ದು ಅದೇ 1894ರ ಸೆಪ್ಟೆಂಬರಿನಲ್ಲಿ. ಕೇವಲ ನಾಲ್ಕು ತಿಂಗಳ ಅಂತರವದು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಶಿಶುಗಳಿಗೆ ಉಚಿತವಾಗಿ ಹಾಕುವ ಲಸಿಕೆಯಲ್ಲಿ ಈ ರೋಗದ ತಡೆಯೂ ಸೇರಿದೆ. ಅಂದು ರಾಜ್ಯವನ್ನಾಳುವ ದೊರೆಗೂ ಅದು ದೊರೆಯಲಿಲ್ಲ. ಆಗ ಚಾಮರಾಜೇಂದ್ರರಿಗೆ 31 ವರ್ಷ, ಮಹಾರಾಣಿಯವರಿಗೆ 28 ವರ್ಷ. ಹಿರಿಯ ಪುತ್ರ ಕೃಷ್ಣರಾಜರು ಹತ್ತು ವರ್ಷದ ಬಾಲಕ, ಕಿರಿಯ ಪುತ್ರ ಕಂಠೀರವ ನರಸಿಂಹರಾಜರಿಗೆ ಆರು ವರ್ಷ. ಇವರಲ್ಲದೆ ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ ಮತ್ತು ಚೆಲುವಾಜಮ್ಮಣ್ಣಿ ಎಂಬ ಮೂವರು ಪುತ್ರಿಯರು.

ದೊರೆಯು ತೀರಿಕೊಂಡಾಗ ಅರಮನೆಯ ದುಃಖದ ಜೊತೆಗೆ ಸಂಸ್ಥಾನದ ಭವಿಷ್ಯದ ಪ್ರಶ್ನೆಯೂ ಎದ್ದಿತು. ಐವತ್ತು ವರ್ಷ ಕಾದು ಪಡೆದ ಆಡಳಿತ ಮತ್ತೆ ಬ್ರಿಟಿಷರ ಕೈಗೆ ಹೋಗುವುದೇ ಎಂಬ ಆತಂಕಕ್ಕೆ ಕಾರಣವಿತ್ತು. ಉತ್ತರಾಧಿಕಾರಿಯು ವಯಸ್ಸಿಗೆ ಬರಲು ಇನ್ನೂ ಎಂಟು ವರ್ಷಗಳು ಬೇಕಿದ್ದವು. 1895ರ ಫೆಬ್ರವರಿಯಲ್ಲಿ ಬಾಲಕ ಕೃಷ್ಣರಾಜರಿಗೆ ಪಟ್ಟವಾಯಿತು. ಮಹಾರಾಣಿಯವರು ರೀಜೆಂಟರಾಗಿ ನಿಯುಕ್ತರಾದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರೂ ಇತರ ಸದಸ್ಯರೂ ಇದ್ದ ಕೌನ್ಸಿಲ್ ಅವರಿಗೆ ನೆರವಾಯಿತು. ದಿನನಿತ್ಯದ ಆಡಳಿತವನ್ನು ನಡೆಸಿದವರು ದಿವಾನರು ಮತ್ತು ಕೌನ್ಸಿಲಿನವರು. ಆದುದರಿಂದ ಈ ಅವಧಿಯ ಕಾರ್ಯಗಳನ್ನೆಲ್ಲ ಮಹಾರಾಣಿಯವರೊಬ್ಬರಿಗೇ ಸಲ್ಲಿಸುವುದು ಸರಿಯಾಗಲಾರದು. ಆದರೆ ಅವರ ಅನುಮೋದನೆಯಿಲ್ಲದೆ ಅವು ಆದವೆನ್ನುವುದೂ ತಪ್ಪು. ಕೌನ್ಸಿಲಿನೊಳಗಿನ ಭಿನ್ನಾಭಿಪ್ರಾಯಗಳ ನಡುವೆ ಏಳು ವರ್ಷಗಳ ಕಾಲ ಆಡಳಿತವು ಮುರಿಯದಂತೆ ಉಳಿದುದೇ ಒಂದು ಸಾಧನೆ.

1897ನೆಯ ಇಸವಿಯು ಈ ಅವಧಿಯಲ್ಲಿ ವಿಶೇಷವಾದುದು. ಆ ವರ್ಷದ ಆರಂಭದಲ್ಲಿ ಹಿರಿಯ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹವು ಎಂ. ಕಾಂತರಾಜ ಅರಸ್ ಅವರೊಡನೆ ನಡೆಯಿತು. ಮಹಾರಾಣಿಯವರ ಸೋದರರಾದ ಇವರು ಮುಂದೆ ಸಂಸ್ಥಾನದ ದಿವಾನರೂ ಆದರು. ಆ ವಿವಾಹದ ಸಮಯದಲ್ಲಿಯೇ ಮೈಸೂರಿನ ಮರದ ಅರಮನೆಗೆ ಬೆಂಕಿ ಬಿದ್ದಿತು. ಇಂದು ಪ್ರವಾಸಿಗರು ನೋಡುವ ಅರಮನೆಯ ನಿರ್ಮಾಣ ಆರಂಭವಾದುದು ಅದೇ ವರ್ಷ. 1912ರಲ್ಲಿ ಮುಗಿದ ಆ ಕಟ್ಟಡಕ್ಕೆ 41 ಲಕ್ಷ ರೂಪಾಯಿಗಳಿಗೂ ಹೆಚ್ಚು ವೆಚ್ಚವಾಯಿತು. ಮಹಾರಾಣಿಯವರ ಹೆಸರಿನೊಡನೆ ಜನರು ಮೊದಲು ನೆನೆಯುವುದು ಈ ಅರಮನೆಯನ್ನು. ಅದೇ ವರ್ಷ ಬೆಂಗಳೂರಿನ ಕೋಟೆಯ ಬಳಿ ನಡೆದ ಶಂಕುಸ್ಥಾಪನೆಯು ಅಷ್ಟಾಗಿ ನೆನಪಿನಲ್ಲಿಲ್ಲ.

ವಿಕ್ಟೋರಿಯಾ ರಾಣಿಯು ಪಟ್ಟವೇರಿ ಅರವತ್ತು ವರ್ಷಗಳು ತುಂಬಿದ ನೆನಪಿಗೆ 1897ರ ಜೂನ್ 22ರಂದು ಮಹಾರಾಣಿಯವರು ಆಸ್ಪತ್ರೆಯ ಶಂಕುಸ್ಥಾಪನೆಯನ್ನು ನೆರವೇರಿಸಿದರು. ಇಂತಹ ಸಂದರ್ಭಗಳಲ್ಲಿ ಪ್ರತಿಮೆ, ಪುರಭವನ, ಗಡಿಯಾರದ ಗೋಪುರ ಮೊದಲಾದುವನ್ನು ಕಟ್ಟಿಸುವುದು ಅಂದಿನ ರೂಢಿ. ಮೈಸೂರು ಆಸ್ಪತ್ರೆಯನ್ನು ಆರಿಸಿಕೊಂಡಿತು. ಬೆಂಗಳೂರು ಆಗ ಎರಡು ಆಡಳಿತಗಳಲ್ಲಿ ಹಂಚಿಹೋಗಿದ್ದ ಊರು. ಬ್ರಿಟಿಷರ ದಂಡು ಪ್ರದೇಶದಲ್ಲಿ ಬೌರಿಂಗ್ ಆಸ್ಪತ್ರೆಯಿತ್ತು. 1886ರಿಂದ ಸೇಂಟ್ ಮಾರ್ಥಾಸ್ ಆಸ್ಪತ್ರೆಯೂ ನಡೆಯುತ್ತಿತ್ತು. ಸಂಸ್ಥಾನದ ಆಡಳಿತಕ್ಕೆ ಸೇರಿದ, ಜನರಿಂದ ಕಿಕ್ಕಿರಿದ ಪೇಟೆಗೆ ತಕ್ಕ ದೊಡ್ಡ ಸರ್ಕಾರಿ ಆಸ್ಪತ್ರೆಯು ಬೇಕಾಗಿತ್ತು.

ಶಂಕುಸ್ಥಾಪನೆಯ ದಿನದ ರಾತ್ರಿಯೇ ದೂರದ ಪುಣೆಯಲ್ಲಿ ಮತ್ತೊಂದು ಘಟನೆ ನಡೆಯಿತು. ಅದೇ ಉತ್ಸವದಿಂದ ಮರಳುತ್ತಿದ್ದ ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದನು. ಪ್ಲೇಗು ತಡೆಯುವ ಹೆಸರಿನಲ್ಲಿ ಸೈನಿಕರು ಮನೆಗಳನ್ನು ಹೊಕ್ಕು ಶೋಧಿಸಿದ್ದು ಜನರ ಸಿಟ್ಟಿಗೆ ಕಾರಣವಾಗಿತ್ತು. 1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು ರೈಲು ಮಾರ್ಗವನ್ನು ಹಿಡಿದು ಹುಬ್ಬಳ್ಳಿಗೆ ಬಂದು, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನೂ ತಲುಪಿತು. ಆಸ್ಪತ್ರೆಯ ಗೋಡೆಗಳು ಆಗಿನ್ನೂ ಏಳುತ್ತಿದ್ದವು.

ಪ್ಲೇಗಿನ ದಿನಗಳು ಸಂಸ್ಥಾನದ ಆಡಳಿತಕ್ಕೆ ಕಠಿಣ ಪರೀಕ್ಷೆಯಾದವು. ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಲಾಯಿತು. ಸೋಂಕು ತಗುಲಿದವರನ್ನು ಬೇರ್ಪಡಿಸಿ ಶಿಬಿರಗಳಲ್ಲಿ ಇರಿಸುವುದು, ಮನೆಗಳನ್ನು ತೆರವು ಮಾಡಿಸುವುದು, ರೈಲು ಪ್ರಯಾಣಿಕರನ್ನು ಪರೀಕ್ಷಿಸುವುದು ಇವೇ ಅಂದಿನ ಕ್ರಮಗಳು. ರೋಗಿಯನ್ನು ಶಿಬಿರಕ್ಕೆ ಕಳುಹಿಸುವುದಕ್ಕಿಂತ ಮನೆಯಲ್ಲಿ ಬಚ್ಚಿಡುವುದೇ ಮೇಲೆಂದು ಅನೇಕರು ಭಾವಿಸಿದರು. ಹಳ್ಳಿಗಳಲ್ಲಿ ಇಲಿ ಬಿದ್ದರೆ ಸಾಕು, ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂಬುದು ವೈದ್ಯರಲ್ಲಿಯೂ ಎಲ್ಲರೂ ಒಪ್ಪಿದ ಮಾತಾಗಿರಲಿಲ್ಲ. ಹೀಗಿರುವಾಗ ಇಲಿ ಕಂಡೊಡನೆ ಊರು ಬಿಡುತ್ತಿದ್ದ ಹಳ್ಳಿಗರ ನಡೆ ವಿವೇಕದ್ದೆಂದೇ ಹೇಳಬೇಕು.

ಬೆಂಗಳೂರಿನ ಪ್ಲೇಗ್ ಶಿಬಿರಗಳಲ್ಲಿ ದುಡಿದ ವೈದ್ಯರಲ್ಲಿ ಡಾ. ಪಲ್ಪು ಅವರೂ ಒಬ್ಬರು. ಈಳವ ಸಮುದಾಯದಲ್ಲಿ ಜನಿಸಿದ ಕಾರಣಕ್ಕೆ ತಿರುವಾಂಕೂರು ಸಂಸ್ಥಾನದಲ್ಲಿ ಕೆಲಸ ನಿರಾಕರಿಸಲ್ಪಟ್ಟ ಅವರಿಗೆ ಮೈಸೂರು ಸಂಸ್ಥಾನವು ಕೆಲಸ ನೀಡಿತ್ತು. ಪೇಟೆಯ ಇಕ್ಕಟ್ಟು ಪ್ರಾಣಕ್ಕೆ ಅಪಾಯವೆಂಬುದನ್ನು ಪ್ಲೇಗು ತೋರಿಸಿಕೊಟ್ಟಿತು. ಅದರಿಂದಾಗಿ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ವೇಗವಾಗಿ ಬೆಳೆದವು.

ಕಟ್ಟಡವು ಪೂರ್ಣಗೊಂಡು, 1900ರ ಡಿಸೆಂಬರ್ 8ರಂದು ವೈಸ್‌ರಾಯ್ ಲಾರ್ಡ್ ಕರ್ಜನ್ ಅವರು ವಿಕ್ಟೋರಿಯಾ ಆಸ್ಪತ್ರೆಯನ್ನು ಉದ್ಘಾಟಿಸಿದರು. ಆರಂಭದಲ್ಲಿ ಅಲ್ಲಿದ್ದುದು 140 ಹಾಸಿಗೆಗಳು. ಅನುಕೂಲವಿದ್ದವರು ವೈದ್ಯರನ್ನು ಮನೆಗೇ ಕರೆಸಿಕೊಳ್ಳುತ್ತಿದ್ದ ಕಾಲವದು. ಆಸ್ಪತ್ರೆಯೆಂದರೆ ದಿಕ್ಕಿಲ್ಲದವರು ಹೋಗುವ ಸ್ಥಳವೆಂಬ ಭಾವನೆಯಿತ್ತು. ಆ ಭಾವನೆ ಕರಗಲು ಕಟ್ಟಡವೊಂದೇ ಸಾಲದು. ಅಲ್ಲಿಗೆ ಹೋದವರು ಗುಣವಾಗಿ ಮರಳುವುದನ್ನು ಜನರು ಕಣ್ಣಾರೆ ಕಾಣಬೇಕು. ಅದಕ್ಕೆ ಹಲವು ವರ್ಷಗಳೇ ಹಿಡಿದವು.

ಮಹಾರಾಣಿಯವರ ಆಡಳಿತದ ಇತರ ಕಾರ್ಯಗಳು ಸುಪರಿಚಿತವಾಗಿವೆ. ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ಮಾರಿಕಣಿವೆಯ ಅಣೆಕಟ್ಟೆಯು 1898ರಲ್ಲಿ ಆರಂಭವಾಯಿತು. ಆ ಜಲಾಶಯಕ್ಕೆ ವಾಣಿವಿಲಾಸ ಸಾಗರವೆಂದೇ ಹೆಸರು. ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ ಹರಿಯಿತು. ಅದೇ ವರ್ಷದ ಆಗಸ್ಟ್ 8ರಂದು ಹದಿನೆಂಟು ವರ್ಷ ತುಂಬಿದ ಕೃಷ್ಣರಾಜ ಒಡೆಯರು ಅಧಿಕಾರವನ್ನು ವಹಿಸಿಕೊಂಡರು. ಮಹಾರಾಣಿಯವರು ರೀಜೆಂಟ್ ಪದವಿಯಿಂದ ನಿವೃತ್ತರಾದರು.

ಅನಂತರ ಅವರು ಮೂವತ್ತೆರಡು ವರ್ಷಗಳ ಕಾಲ ಜೀವಿಸಿದ್ದರು. ರೋಗವು ಅರಮನೆಯನ್ನು ಮತ್ತೊಮ್ಮೆ ಹೊಕ್ಕಿತು. ಎರಡನೆಯ ಪುತ್ರಿ ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗದಿಂದ ತೀರಿಕೊಂಡರು. ಅವರ ನೆನಪಿಗಾಗಿ 1921ರಲ್ಲಿ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆಯು ಸ್ಥಾಪಿತವಾಯಿತು. ಕ್ಷಯಕ್ಕೆ ಮೊದಲ ಪರಿಣಾಮಕಾರಿ ಔಷಧಿಯಾದ ಸ್ಟ್ರೆಪ್ಟೊಮೈಸಿನ್ ದೊರೆತುದು 1940ರ ದಶಕದಲ್ಲಿ. ಅದುವರೆಗೆ ಶುದ್ಧವಾದ ಗಾಳಿ, ಪುಷ್ಟಿಕರ ಆಹಾರ ಮತ್ತು ದೀರ್ಘಕಾಲದ ವಿಶ್ರಾಂತಿ ಇವಿಷ್ಟೇ ಚಿಕಿತ್ಸೆ. ಊರಿನ ಹೊರಗೆ, ತೆರೆದ ಬಯಲಿನಲ್ಲಿ ಇಂತಹ ಆಸ್ಪತ್ರೆಗಳನ್ನು ಕಟ್ಟುತ್ತಿದ್ದುದು ಆ ಕಾರಣದಿಂದ.

ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1934ರಲ್ಲಿ ನಿಧನರಾದರು. ಮರುವರ್ಷ, ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿ, ಮಹಿಳೆಯರು ಮತ್ತು ಮಕ್ಕಳಿಗಾಗಿಯೇ ವಾಣಿವಿಲಾಸ ಆಸ್ಪತ್ರೆಯು ತೆರೆಯಿತು. ಪುರುಷ ವೈದ್ಯರ ಮುಂದೆ ಬರಲು ಹಿಂಜರಿದು ಮನೆಯಲ್ಲಿಯೇ ಹೆರಿಗೆಯ ಕಷ್ಟಕ್ಕೆ ಬಲಿಯಾಗುತ್ತಿದ್ದ ಸ್ತ್ರೀಯರಿಗೆ ಪ್ರತ್ಯೇಕ ಆಸ್ಪತ್ರೆಯೆಂಬುದು ದೊಡ್ಡ ಆಸರೆಯಾಯಿತು.

ವಿಕ್ಟೋರಿಯಾ ಆಸ್ಪತ್ರೆಯು ವೈದ್ಯ ಶಿಕ್ಷಣದ ಕೇಂದ್ರವಾಗಿ ಬೆಳೆದ ಬಗೆಯು ನೇರವಾದುದಲ್ಲ. ಸಂಸ್ಥಾನದ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತಾದರೂ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಕೃಷ್ಣರಾಜೇಂದ್ರ ಆಸ್ಪತ್ರೆಯು ಬೋಧನಾ ಆಸ್ಪತ್ರೆಯಾದುದು ಹೀಗೆ. ಮತ್ತೆ ಬೆಂಗಳೂರಿಗೆ ಕಾಲೇಜು ಬಂದುದು 1955ರಲ್ಲಿ. ಅದಕ್ಕಾಗಿ ಶ್ರಮಿಸಿದವರಲ್ಲಿ ಡಾ. ಆರ್. ಶಿವರಾಂ ಪ್ರಮುಖರು. ‘ಕೊರವಂಜಿ’ ಹಾಸ್ಯ ಪತ್ರಿಕೆಯ ಸಂಪಾದಕರಾಗಿ ಕನ್ನಡಿಗರು ಬಲ್ಲ ರಾ.ಶಿ. ಇವರೇ. ಖಾಸಗಿ ಸಂಘದ ಆಶ್ರಯದಲ್ಲಿ ಆರಂಭವಾದ ಕಾಲೇಜನ್ನು ಸರ್ಕಾರವು ಕೆಲವೇ ವರ್ಷಗಳಲ್ಲಿ ವಹಿಸಿಕೊಂಡಿತು. ವಿಕ್ಟೋರಿಯಾ, ವಾಣಿವಿಲಾಸ ಮತ್ತು ಮಿಂಟೊ ಕಣ್ಣಾಸ್ಪತ್ರೆಗಳ ರೋಗಿಗಳ ಹಾಸಿಗೆಯ ಬದಿಯೇ ಅದರ ವಿದ್ಯಾರ್ಥಿಗಳಿಗೆ ಪಾಠಶಾಲೆಯಾಯಿತು. ಇಂತಹ ಆಸ್ಪತ್ರೆಯಲ್ಲಿ ಒಬ್ಬ ರೋಗಿಯನ್ನು ಹಲವು ವೈದ್ಯರು ಮತ್ತು ವಿದ್ಯಾರ್ಥಿಗಳು ಬಂದು ನೋಡುವುದುಂಟು. ಹಳ್ಳಿಯಿಂದ ಬಂದವರಿಗೆ ಮೊದಲಿಗೆ ಇದು ಗಾಬರಿಯನ್ನುಂಟುಮಾಡಬಹುದು. ಇದು ರೋಗವು ಉಲ್ಬಣಿಸಿದ ಸೂಚನೆಯಲ್ಲ, ಬೋಧನೆಯ ಕ್ರಮ.

ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು 2006ರಲ್ಲಿ ಆರಂಭವಾದ ಬಳಿಕ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯೂ ಬೋಧನಾ ಆಸ್ಪತ್ರೆಯಾಯಿತು. ಹಿಂದೆ ಬೆಂಗಳೂರು ಅಥವಾ ಮೈಸೂರಿಗೆ ಹೋಗಲೇಬೇಕಾಗಿದ್ದ ಅರಕಲಗೂಡಿನ ಅನೇಕ ರೋಗಿಗಳಿಗೆ ಈಗ ಜಿಲ್ಲಾ ಕೇಂದ್ರದಲ್ಲಿಯೇ ಚಿಕಿತ್ಸೆ ಲಭ್ಯವಾಗುತ್ತಿದೆ. ಬೆಂಗಳೂರಿಗೆ ಕಳುಹಿಸಲ್ಪಟ್ಟವರು ಮಾತ್ರ ಚೀಟಿಯಲ್ಲಿರುವ ಆಸ್ಪತ್ರೆಯ ಹೆಸರನ್ನು ಗಮನಿಸುವುದು ಒಳ್ಳೆಯದು. ಕೃಷ್ಣರಾಜ ಮಾರುಕಟ್ಟೆಯ ಬಳಿ ಇಳಿದವರಿಗೆ ವಿಕ್ಟೋರಿಯಾ ಮತ್ತು ವಾಣಿವಿಲಾಸ ಆಸ್ಪತ್ರೆಗಳು ಅಕ್ಕಪಕ್ಕದಲ್ಲಿಯೇ ಸಿಗುತ್ತವೆ. ಹೆರಿಗೆ ಮತ್ತು ಮಕ್ಕಳ ಚಿಕಿತ್ಸೆಯು ವಾಣಿವಿಲಾಸದಲ್ಲಿ. ಕಣ್ಣಿನ ತೊಂದರೆಯುಳ್ಳವರು ಹೋಗಬೇಕಾದುದು ಮಿಂಟೊ ಆಸ್ಪತ್ರೆಗೆ. ಅದು ಚಾಮರಾಜಪೇಟೆಯ ಕಡೆಗಿದೆ. 1892ರಲ್ಲಿ ಏರ್ಪಟ್ಟ ಆ ಬಡಾವಣೆಗೆ ಹೆಸರು ಬಂದುದು ಚಾಮರಾಜೇಂದ್ರ ಒಡೆಯರಿಂದಲೇ.